ಮಳೆ ಲೆಕ್ಕದ ಪುಸ್ತಕ, ಗೋ ಪುಸ್ತಕ

ಓದುಗರ ಪ್ರಶ್ನೆ

ಬ್ಯಾಕ್‌ಎಂಡ್ ಕಲಿಯೋಕೆ ಯಾವ ಪುಸ್ತಕ ತಗೊಳ್ಳಲಿ ಅಂತ ಬಹಳ ಜನ ಬರೆದಿದ್ದೀರಿ. ಆ್ಯಪ್‌ನ ಪರದೆ ಹಿಂದೆ, ಸರ್ವರ್‌ನಲ್ಲಿ ಲೆಕ್ಕ ಇಡುವ, ದಾಖಲೆ ಹುಡುಕಿ ಕೊಡುವ ಕೆಲಸ ಅದು. ಹದಿನಾಲ್ಕು ವರ್ಷದಿಂದ ನಾನು ಮಾಡುತ್ತಿರುವುದೂ ಅದನ್ನೇ, ಮೊದಲು ಬೆಂಗಳೂರಿನಲ್ಲಿ, ಈಗ ಚಿಕ್ಕಮಗಳೂರಿನ ಮನೆಯಿಂದ. ನಾಲ್ಕು ಪತ್ರಗಳಿಗೆ ಉತ್ತರ ಬರೆದಿದ್ದೇನೆ. ಮೊದಲನೆಯದಕ್ಕೆ ಸ್ವಲ್ಪ ಜಾಸ್ತಿ ಜಾಗ ಹೋಗಿದೆ.

ಪ್ರಶ್ನೆ: ಅಕ್ಕಾ, ಹಾಸನದಲ್ಲಿ ಬಿಸಿಎ ಮುಗಿಸಿ ಈಗ ಊರಲ್ಲಿದ್ದೇನೆ. ಕಾಲೇಜಿನಲ್ಲಿ ಸಿ ಚೆನ್ನಾಗಿ ಕಲಿತೆ. ಜಾವಾ ಪರೀಕ್ಷೆಗೆ ಓದಿದ್ದಷ್ಟೇ. ಬೆಂಗಳೂರಿನಲ್ಲಿರುವ ಗೆಳೆಯ ಗೋ ಭಾಷೆ ಕಲಿ ಅಂತಾನೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಎರಡು ದಿನ ಬರಲ್ಲ, ನೆಟ್ ಅಂತೂ ಕೇಳಲೇಬೇಡಿ. ವಿಡಿಯೊ ನೋಡಿ ಕಲಿಯೋದು ಆಗದ ಮಾತು. ಒಂದು ಪುಸ್ತಕಕ್ಕೆ ದುಡ್ಡು ಕೊಡ್ತೀನಿ ಅಂತ ಅಪ್ಪ ಒಪ್ಪಿದ್ದಾರೆ. ಯಾವುದು ತಗೊಳ್ಳಲಿ?
— ಓದುಗ, ಸಕಲೇಶಪುರ ತಾಲ್ಲೂಕು

ಉತ್ತರ: ತಮ್ಮಾ, ನಿನ್ನ ಗೆಳೆಯ ಸರಿಯಾಗಿಯೇ ಹೇಳಿದ್ದಾನೆ. ಸಿ ಗೊತ್ತಿರುವವನಿಗೆ ಗೋ ದೂರದ ಭಾಷೆ ಏನಲ್ಲ. 2009ರಲ್ಲಿ ಗೂಗಲ್ ಇದನ್ನು ಹೊರಗೆ ಬಿಟ್ಟಿತು. ಮಾಡಿದ ಮೂವರಲ್ಲಿ ಕೆನ್ ಥಾಂಪ್ಸನ್ ಒಬ್ಬರು, ಯುನಿಕ್ಸ್ ಆಪರೇಟಿಂಗ್ ಸಿಸ್ಟಂ ಕಟ್ಟಿದವರು. ಭಾಷೆ ಚಿಕ್ಕದು. ಅದರ ಮೀಸಲು ಪದಗಳು ಬರೀ 25. ನೀನು ಕಾಲೇಜಿನಲ್ಲಿ ಕಲಿತ ಸಿ ಭಾಷೆಯಲ್ಲೇ 32 ಇದ್ದವು, ನೆನಪಿದೆಯಾ?

ಕರೆಂಟ್, ನೆಟ್ ಇಲ್ಲದ ಊರಿಗೆ ಇದರಿಂದ ಇನ್ನೊಂದು ಅನುಕೂಲ ಇದೆ. ವೆಬ್ ಸರ್ವರ್ ಬರೆಯಲು ಬೇಕಾದ್ದು ಗೋ ಜೊತೆಗೇ ಬರುತ್ತದೆ. ಬೇರೆ ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಟರ್ಮಿನಲ್‌ನಲ್ಲಿ ‘ಗೋ ಡಾಕ್’ ಅಂತ ಹೊಡೆದು ಒಂದು ಪ್ಯಾಕೇಜಿನ, ಅಂದರೆ ಸಿದ್ಧ ಕೋಡಿನ ಕಟ್ಟಿನ, ಹೆಸರು ಕೊಟ್ಟರೆ ಅದರ ವಿವರಣೆ ನೆಟ್ ಇಲ್ಲದೆಯೇ ತೆರೆದುಕೊಳ್ಳುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ಮಾಡು, ಉಳಿದ ಹೊತ್ತು ಪುಸ್ತಕ ಓದು.

ಈಗ ಪುಸ್ತಕದ ವಿಷಯ. ಗೋ ಅಂದ ಕೂಡಲೇ ಎಲ್ಲರೂ ಹೇಳುವುದು ‘ದಿ ಗೋ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್’ ಹೆಸರು. ಅಲನ್ ಡೊನೊವನ್ ಮತ್ತು ಬ್ರಯಾನ್ ಕರ್ನಿಘನ್ ಬರೆದದ್ದು, 2015ರಲ್ಲಿ ಬಂತು. 1978ರಲ್ಲಿ ಡೆನ್ನಿಸ್ ರಿಚ್ಚಿ ಜೊತೆ ಸಿ ಪುಸ್ತಕ ಬರೆದರಲ್ಲ, ಅದೇ ಕರ್ನಿಘನ್. ನನಗೆ ಈ ಪುಸ್ತಕದ ಮೇಲೆ ತುಂಬಾ ಪ್ರೀತಿ. ಮೊದಲ ಅಧ್ಯಾಯ ಮುಗಿಯುವಷ್ಟರಲ್ಲಿ ನಿನ್ನ ಕೈಯಲ್ಲಿ ಓಡುವ ಒಂದು ವೆಬ್ ಸರ್ವರ್ ಇರುತ್ತದೆ. ಪ್ರತಿ ಭಾಗದ ಕೊನೆಗೆ ಕೊಟ್ಟಿರುವ ಅಭ್ಯಾಸಗಳು ಸುಮ್ನೆ ಪುಟ ತುಂಬಿಸಲು ಹಾಕಿದವಲ್ಲ, ಒಂದೊಂದಕ್ಕೂ ತಲೆ ಕೊಡಬೇಕು.

ಆದರೂ ನಿನಗೆ ಇದನ್ನು ಮೊದಲ ಪುಸ್ತಕವಾಗಿ ಹೇಳುವುದಿಲ್ಲ. ಈ ಪುಸ್ತಕ ಬಂದ ಮೇಲೆ ಭಾಷೆ ಮುಂದೆ ಹೋಗಿದೆ. ಹೊರಗಿನ ಪ್ಯಾಕೇಜುಗಳನ್ನು ಸೇರಿಸಿಕೊಳ್ಳುವ ‘ಮಾಡ್ಯೂಲ್’ ಪದ್ಧತಿ ಬಂದದ್ದು 2018ರಲ್ಲಿ. ಹಾಗಾಗಿ 10ನೇ ಅಧ್ಯಾಯದಲ್ಲಿ ಹೇಳಿದಂತೆ ಫೋಲ್ಡರ್ ಮಾಡಿಕೊಂಡು ಕೂತರೆ ಇವತ್ತಿನ ಗೋ ಬೇರೆಯದೇ ಕೇಳುತ್ತದೆ. ಒಂದೇ ಕೋಡನ್ನು ಬೇರೆ ಬೇರೆ ಬಗೆಯ ಡೇಟಾಗೆ ಬಳಸುವ ‘ಜೆನೆರಿಕ್ಸ್’ ಬಂದದ್ದು 2022ರಲ್ಲಿ, ಅದರ ಮಾತೇ ಪುಸ್ತಕದಲ್ಲಿಲ್ಲ. 5ನೇ ಅಧ್ಯಾಯದಲ್ಲಿ ಲೂಪಿನ ವೇರಿಯಬಲ್ ಬಗ್ಗೆ ಒಂದು ದೊಡ್ಡ ಎಚ್ಚರಿಕೆ ಇದೆ. 2024ರ 1.22 ಆವೃತ್ತಿಯಲ್ಲಿ ಭಾಷೆಯೇ ಆ ತೊಡಕನ್ನು ಬಗೆಹರಿಸಿತು. ಪಕ್ಕದಲ್ಲಿ ಒಬ್ಬ ಸೀನಿಯರ್ ಕೂತಿದ್ದರೆ ‘ಇದು ಹಳೇದು, ಮುಂದೆ ಹೋಗು’ ಅಂತ ಹೇಳುತ್ತಿದ್ದರು. ನಿನ್ನ ಪಕ್ಕದಲ್ಲಿ ಯಾರೂ ಇಲ್ಲ, ನೆಟ್ ಕೂಡ ಇಲ್ಲ. ಪುಸ್ತಕದಲ್ಲಿ ಇದ್ದಂತೆಯೇ ಬರೆದು, ಅದು ಓಡದೆ, ತಪ್ಪು ನನ್ನದೇ ಇರಬೇಕು ಅಂದುಕೊಂಡು ನೀನು ಎರಡು ದಿನ ಕೊರಗುವುದು ನನಗೆ ಬೇಡ.

ಅದಕ್ಕೇ ಜಾನ್ ಬಾಡ್ನರ್ ಅವರ ‘ಲರ್ನಿಂಗ್ ಗೋ’ ತಗೋ. ಎರಡನೇ ಆವೃತ್ತಿಯೇ ಬೇಕು, 2024ರದ್ದು. ಮಾಡ್ಯೂಲ್, ಜೆನೆರಿಕ್ಸ್ ಎರಡೂ ಅದರಲ್ಲಿವೆ. ಒಂದು ಭಾಷೆ ಆಗಲೇ ಬಲ್ಲವರಿಗಾಗಿ ಬರೆದದ್ದು. ನಿನಗೆ ಸಿ ಬರುವುದರಿಂದ ಇದು ಹೊಂದುತ್ತದೆ. ಇದು ಓರೈಲಿ ಪ್ರಕಾಶನದ ಪುಸ್ತಕ. ಅವರ ಪುಸ್ತಕಗಳನ್ನು ನಮ್ಮ ದೇಶದಲ್ಲಿ ಶ್ರಾಫ್ ಪಬ್ಲಿಷರ್ಸ್ ಮರುಮುದ್ರಣ ಮಾಡುತ್ತಾರೆ, ವಿದೇಶಿ ಪ್ರತಿಗಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಆರ್ಡರ್ ಮಾಡುವಾಗ ‘ಎರಡನೇ ಆವೃತ್ತಿ’ ಅಂತ ಎರಡು ಸಲ ಓದಿ ನೋಡು. ಮೊದಲ ಆವೃತ್ತಿ 2021ರದ್ದು, ಜೆನೆರಿಕ್ಸ್ ಭಾಷೆಗೆ ಸೇರುವ ಮೊದಲೇ ಅಚ್ಚಾದದ್ದು. ಕರ್ನಿಘನ್ ಪುಸ್ತಕ ಯಾರ ಹತ್ತಿರವಾದರೂ ಇದ್ದರೆ ಆರು ತಿಂಗಳ ಮೇಲೆ ಎರವಲು ತಂದು ಅಭ್ಯಾಸಗಳನ್ನು ಮಾಡು. ಅಷ್ಟು ಹೊತ್ತಿಗೆ ಯಾವುದು ಹಳೇದು ಅಂತ ನಿನಗೇ ಗೊತ್ತಾಗಿರುತ್ತದೆ.

ಒಂದು ಮಾತು ಮುಖ್ಯ, ಇದನ್ನು ಯಾರೂ ನನಗೆ ಮೊದಲೇ ಹೇಳಲಿಲ್ಲ. ಭಾಷೆಯ ಪುಸ್ತಕ ಭಾಷೆ ಕಲಿಸುತ್ತದೆ. ಬ್ಯಾಕ್‌ಎಂಡ್ ಕೈಗೆ ಹತ್ತಬೇಕಾದರೆ ಪುಸ್ತಕದ ಜೊತೆ ನಿನ್ನದೇ ಒಂದು ಲೆಕ್ಕ ಇರಬೇಕು. ಪುಸ್ತಕದವರು ಕೊಟ್ಟ ಉದಾಹರಣೆ ಸಾಲದು. ನಿಮ್ಮ ಮನೆಯಲ್ಲೇ ಬರೆದಿಟ್ಟ ಲೆಕ್ಕ ಆಗಬೇಕು, ತಪ್ಪಾದರೆ ನಿಮ್ಮಪ್ಪನಿಗೆ ಗೊತ್ತಾಗುವಂಥದ್ದು.

ನಿಮ್ಮ ಕಡೆ ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇದ್ದೇ ಇರುತ್ತದೆ. ನಮ್ಮಪ್ಪ ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಮಳೆಮಾಪಕದ ನೀರನ್ನು ಅಳತೆ ಗ್ಲಾಸಿಗೆ ಸುರಿದು, ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಆಮೇಲೇ ಕಾಫಿ ಕುಡಿಯುತ್ತಿದ್ದರು. ಇಂಚು, ಸೆಂಟಿನ ಲೆಕ್ಕ. ನೂರು ಸೆಂಟಿಗೆ ಒಂದು ಇಂಚು. ಆ ರಟ್ಟಿನ ಪುಸ್ತಕವನ್ನೇ ನಾನು ಕಂಪ್ಯೂಟರಿಗೆ ಹಾಕಲು ಕೂತೆ. ಬ್ಯಾಕ್‌ಎಂಡ್ ಅಂದರೆ ಏನು ಅಂತ ನನಗೆ ಹೊಳೆದದ್ದು ಆವಾಗ.

ಜೂನ್ ತಿಂಗಳ ಒಂದು ಪುಟದಲ್ಲಿ 1.4 ಅಂತ ಬರೆದಿತ್ತು. ಒಂದು ಇಂಚು ನಲವತ್ತು ಸೆಂಟೋ, ಒಂದು ಇಂಚು ನಾಲ್ಕು ಸೆಂಟೋ? ಅಪ್ಪನನ್ನು ಕೇಳಿದೆ. ‘ನಾಲ್ಕು ಸೆಂಟು, ನಲವತ್ತಾದರೆ 1.40 ಅಂತ ಬರೀತಿದ್ದೆ’ ಅಂದರು. ಕಂಪ್ಯೂಟರಿಗೆ ಎರಡೂ ಒಂದೇ ಸಂಖ್ಯೆ. ಅದಕ್ಕೇ ದಶಮಾಂಶದ ಸಹವಾಸವೇ ಬೇಡ ಅಂತ ಎಲ್ಲವನ್ನೂ ಸೆಂಟಿನಲ್ಲಿ, ಪೂರ್ಣ ಸಂಖ್ಯೆಯಾಗಿ ಇಟ್ಟೆ. ಒಂದು ಇಂಚು ನಾಲ್ಕು ಸೆಂಟು ಅಂದರೆ 104. ದುಡ್ಡಿನ ಲೆಕ್ಕವನ್ನು ಪೈಸೆಯಲ್ಲಿ ಇಡುವುದೂ ಇದೇ ಕಾರಣಕ್ಕೆ. ಕಂಪ್ಯೂಟರಿನ ದಶಮಾಂಶದಲ್ಲಿ 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ, ಕೂದಲೆಳೆಯಷ್ಟು ಜಾಸ್ತಿ ಬರುತ್ತದೆ. ಪುಸ್ತಕಗಳಲ್ಲಿ ಇದನ್ನು ಓದಿದ್ದೆ. ಅರ್ಥವಾದದ್ದು ಅಪ್ಪನ ಅಕ್ಷರ ನೋಡಿದಾಗ.

ಜುಲೈ ತಿಂಗಳ ಇನ್ನೊಂದು ಪುಟದಲ್ಲಿ ಮೂರು ದಿನ ಖಾಲಿ ಇತ್ತು. ಮಳೆ ಬರಲಿಲ್ಲವೋ, ಅಪ್ಪ ಬರೆಯಲಿಲ್ಲವೋ? ಅಮ್ಮ ನೆನಪಿಸಿದರು, ಆ ಮೂರು ದಿನ ಅಪ್ಪ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಮಳೆ ಬಾರದ ದಿನ ಸೊನ್ನೆ. ಬರೆಯದ ದಿನ ಏನೂ ಇಲ್ಲ, ಡೇಟಾಬೇಸಿನವರು ‘ನಲ್’ ಅನ್ನುತ್ತಾರೆ. ಎರಡನ್ನೂ ಒಂದೇ ಮಾಡಿದರೆ ಆ ಜುಲೈ ತಿಂಗಳ ಲೆಕ್ಕವೇ ಸುಳ್ಳಾಗುತ್ತದೆ.

ನೀನೂ ಹೀಗೆ ಮಾಡು. ಪುಸ್ತಕದ ಮೊದಲ ಭಾಗ ಮುಗಿದ ಮೇಲೆ ಮೂರೇ ಮೂರು ಕೆಲಸ ಮಾಡುವ ಸರ್ವರ್ ಬರೆ. ಒಂದು ದಿನದ ಮಳೆ ಸೇರಿಸುವುದು, ಒಂದು ದಿನದ ಮಳೆ ಕೇಳುವುದು, ಒಂದು ತಿಂಗಳ ಒಟ್ಟು ಕೇಳುವುದು. ಕೇಳಿದ ಕೆಲಸ ಏನಾಯಿತು ಅಂತ ವೆಬ್ ಸರ್ವರ್ ಒಂದು ಸಂಖ್ಯೆಯಲ್ಲಿ ಹೇಳುತ್ತದೆ. ಸೇರಿಸಿದರೆ 201 ಅಂತ ಉತ್ತರ ಬರಲಿ. ಇಲ್ಲದ ದಿನ ಕೇಳಿದರೆ 404. ಯಾರಾದರೂ ಫೆಬ್ರುವರಿ 30 ಅಂತ ಕಳಿಸಿದರೆ 400. ಆಗಲೇ ಬರೆದಿರುವ ದಿನಕ್ಕೆ ಮತ್ತೆ ಬರೆಯಲು ಬಂದರೆ 409. ಈ ನಾಲ್ಕು ಸಂಖ್ಯೆ ಸರಿಯಾಗಿ ಬರುವ ಹಾಗೆ ಬರೆಯಲು ನಿನಗೆ ಒಂದು ವಾರ ಹಿಡಿಯಬಹುದು. ಹಿಡಿಯಲಿ. ಕೆಲಸದಲ್ಲಿ ನನ್ನ ದಿನದ ಮುಕ್ಕಾಲು ಪಾಲು ಹೋಗುವುದು ಇಂಥದ್ದಕ್ಕೇ.

ಮೊದಲು ದಾಖಲೆಗಳನ್ನು ಒಂದು ಫೈಲಿನಲ್ಲಿ ಇಡು. ಆಮೇಲೆ ಎಸ್‌ಕ್ಯೂಲೈಟ್‌ಗೆ ಬಾ. ಅದು ಇಡೀ ಡೇಟಾಬೇಸನ್ನು ಒಂದೇ ಫೈಲಿನಲ್ಲಿ ಇಡುತ್ತದೆ, ಬೇರೆ ಸರ್ವರ್ ಓಡಿಸುವ ಗೋಜಿಲ್ಲ. ಆದರೆ ಗೋ ಪ್ರೋಗ್ರಾಂ ಅದರ ಜೊತೆ ಮಾತಾಡಲು ಬೇಕಾದ ಡ್ರೈವರ್ ಗೋ ಜೊತೆ ಬರುವುದಿಲ್ಲ, ಇಳಿಸಿಕೊಳ್ಳಬೇಕು. ಪೇಟೆಗೆ ಬಂದ ದಿನ, ಒಳ್ಳೆ ಸಿಗ್ನಲ್ ಇರುವ ಕಡೆ ಕೂತು ಗೋ ಮತ್ತು ಆ ಡ್ರೈವರ್ ಎರಡನ್ನೂ ಇಳಿಸಿಕೋ. ಒಂದು ಸಣ್ಣ ಪ್ರೋಗ್ರಾಂ ಓಡಿಸಿ ನೋಡಿಯೇ ಬಸ್ ಹತ್ತು.

ಪ್ರಶ್ನೆ: ನನ್ನ ಹತ್ತಿರ ಅಣ್ಣ ಓದಿದ ಸ್ಪ್ರಿಂಗ್ ಬೂಟ್ ಪುಸ್ತಕ ಇದೆ, 2018ರದ್ದು. ಕೆಲಸಕ್ಕೆ ಜಾವಾ ಬೇಕು. ಇದೇ ಸಾಕಾ?
— ಓದುಗಳು, ಹಾಸನ

ಉತ್ತರ: ಸಾಲದು. ಸ್ಪ್ರಿಂಗ್ ಬೂಟ್ ಅಂದರೆ ಜಾವಾದಲ್ಲಿ ಸರ್ವರ್ ಕಟ್ಟಲು ಬಳಸುವ ಸಿದ್ಧ ಚೌಕಟ್ಟು, ಫ್ರೇಮ್‌ವರ್ಕ್. 2022ರ ನವೆಂಬರಿನಲ್ಲಿ ಅದರ 3ನೇ ಆವೃತ್ತಿ ಬಂತು. ಅದಕ್ಕೆ ಕನಿಷ್ಠ ಜಾವಾ 17 ಬೇಕು. ‘ಜಾವಾಎಕ್ಸ್’ ಅಂತ ಶುರುವಾಗುತ್ತಿದ್ದ ಎಷ್ಟೋ ಇಂಪೋರ್ಟ್ ಸಾಲುಗಳು ‘ಜಕಾರ್ತಾ’ ಆದವು. ಅಣ್ಣನ ಪುಸ್ತಕದ ಉದಾಹರಣೆಗಳನ್ನು ಇವತ್ತಿನ ಆವೃತ್ತಿಯಲ್ಲಿ ಬರೆದರೆ ಮೇಲಿನ ಸಾಲುಗಳಲ್ಲೇ ಎಡವುತ್ತೀರಿ. ಸ್ಪ್ರಿಂಗ್ ಬೂಟ್‌ಗೆ 2023 ಅಥವಾ ಅದರ ಆಮೇಲಿನ ಪುಸ್ತಕ ನೋಡಿ. ಅದರೊಳಗೆ ‘ಜಕಾರ್ತಾ’ ಪದ ಇದ್ದರೆ ನಂಬಿ ತಗೊಳ್ಳಿ. ಅಣ್ಣನ ಕಪಾಟಿನಲ್ಲಿ ಜಾಶುವಾ ಬ್ಲಾಕ್ ಬರೆದ ‘ಇಫೆಕ್ಟಿವ್ ಜಾವಾ’ ಮೂರನೇ ಆವೃತ್ತಿ ಇದೆಯಾ ಅಂತಲೂ ಹುಡುಕಿ. ಅದೂ 2018ರ ಸುಮಾರಿನದೇ. ಆದರೆ ಅದು ಜಾವಾ ಭಾಷೆಯನ್ನು ಹದವಾಗಿ ಬಳಸುವುದು ಹೇಗೆ ಅಂತ ಹೇಳುವ ಪುಸ್ತಕ, ಅಷ್ಟು ಬೇಗ ಹಳತಾಗುವುದಿಲ್ಲ. ಸ್ಪ್ರಿಂಗ್‌ನಂಥ ಫ್ರೇಮ್‌ವರ್ಕ್ ಪುಸ್ತಕಗಳಿಗೆ ಮಾತ್ರ ಇಸವಿ ನೋಡದೆ ದುಡ್ಡು ಕೊಡಬೇಡಿ.

ಪ್ರಶ್ನೆ: ಮೇಡಂ, ನಾನು ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ, ವಯಸ್ಸು 46. ಶಾಲೆಯ ಲೈಬ್ರರಿಯಿಂದ ಯಾವ ಮಗು ಯಾವ ಪುಸ್ತಕ ಒಯ್ದಿದೆ ಅಂತ ಲೆಕ್ಕ ಇಡುವ ಪ್ರೋಗ್ರಾಂ ನಾನೇ ಬರೆಯಬೇಕು ಅಂತ ಆಸೆ. ಹಳೆಯ ವಿದ್ಯಾರ್ಥಿಯೊಬ್ಬ ಮೂರು ಪೈಥಾನ್ ಪುಸ್ತಕ ಕೊಟ್ಟಿದ್ದಾನೆ. ಯಾವುದರಿಂದ ಶುರು ಮಾಡಲಿ? ಈ ವಯಸ್ಸಿನಲ್ಲಿ ಆಗುತ್ತದೆಯೇ?
— ಶಿಕ್ಷಕರು, ಕಡೂರು

ಉತ್ತರ: ಖಂಡಿತ ಆಗುತ್ತದೆ ಮೇಷ್ಟ್ರೇ. ಬೀಜಗಣಿತ ಕಲಿಸುವವರಿಗೆ ವೇರಿಯಬಲ್ ಅಂದರೆ ಏನು ಅಂತ ಬೇರೆ ಹೇಳಬೇಕಿಲ್ಲ.

ಮೂರು ಪುಸ್ತಕಗಳನ್ನೂ ಮೇಜಿನ ಮೇಲೆ ಇಡಿ. ಪ್ರತಿಯೊಂದರಲ್ಲೂ ಮೊದಲ ಪ್ರೋಗ್ರಾಂ ಹುಡುಕಿ. ‘ಪ್ರಿಂಟ್’ ಅಂತ ಬರೆದ ಕಡೆ ಅದರ ಮುಂದೆ ಆವರಣ ಚಿಹ್ನೆ ಇದೆಯಾ ನೋಡಿ. ಇಲ್ಲದೆ ಬರೀ ಉದ್ಧರಣ ಚಿಹ್ನೆ ಇದ್ದರೆ ಅದು ಪೈಥಾನ್ 2ರ ಪುಸ್ತಕ. 2020ರ ಜನವರಿ 1ಕ್ಕೆ ಪೈಥಾನ್ 2ರ ಕಾಲ ಅಧಿಕೃತವಾಗಿ ಮುಗಿಯಿತು. ಅಂಥ ಪುಸ್ತಕವನ್ನು ಪಕ್ಕಕ್ಕಿಡಿ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಹಳೆ ಪುಸ್ತಕದಂಗಡಿಯೊಂದರಿಂದ ದಪ್ಪನೆಯ ಪೈಥಾನ್ ಪುಸ್ತಕ ತಂದೆ. ನನ್ನ ಕಂಪ್ಯೂಟರಿನಲ್ಲಿದ್ದದ್ದು ಪೈಥಾನ್ 3. ಆವರಣ ಚಿಹ್ನೆಯ ತಪ್ಪನ್ನು ಕಂಪ್ಯೂಟರ್ ಮೊದಲ ದಿನವೇ ಕೂಗಿ ಹೇಳಿತು, ಸರಿ ಮಾಡಿಕೊಂಡೆ. ಕೂಗದೆ ಇದ್ದ ತಪ್ಪು ಬೇರೆ. ಪೈಥಾನ್ 2ರಲ್ಲಿ 7ನ್ನು 2ರಿಂದ ಭಾಗಿಸಿದರೆ 3 ಬರುತ್ತದೆ, ಶೇಷ ಬಿಟ್ಟುಹೋಗುತ್ತದೆ. ಪೈಥಾನ್ 3ರಲ್ಲಿ 3.5. ಪುಸ್ತಕದ ಉದಾಹರಣೆ ನೋಡಿಕೊಂಡು ಪುಟಗಳ ಸಂಖ್ಯೆ ಎಣಿಸುವ ಕೋಡ್ ಬರೆದಿದ್ದೆ. ಎಲ್ಲೂ ತಪ್ಪು ತೋರಿಸಲಿಲ್ಲ, ಉತ್ತರ ಮಾತ್ರ ತಪ್ಪು. ನಾಲ್ಕು ದಿನ ಹುಡುಕಿದೆ. ಪುಸ್ತಕ ನನ್ನ ಕಂಪ್ಯೂಟರಿಗಿಂತ ಹಳೇದು ಅನ್ನುವುದು ತಲೆಗೆ ಹೋಗಲೇ ಇಲ್ಲ. ಆವತ್ತಿನಿಂದ ಯಾವ ಪುಸ್ತಕ ಹಿಡಿದರೂ ಮೊದಲು ಹಕ್ಕುಸ್ವಾಮ್ಯದ ಪುಟ ತೆರೆದು ಇಸವಿ ನೋಡುತ್ತೇನೆ.

ಮೂರರಲ್ಲಿ ಎರಿಕ್ ಮ್ಯಾಥಿಸ್ ಅವರ ‘ಪೈಥಾನ್ ಕ್ರ್ಯಾಶ್ ಕೋರ್ಸ್’ ಇದ್ದರೆ ನಿಮ್ಮ ಹುಡುಗ ಒಳ್ಳೆ ಕೆಲಸ ಮಾಡಿದ್ದಾನೆ. ಇಲ್ಲದಿದ್ದರೆ ಅದನ್ನೇ ತರಿಸಿ, ಮೂರನೇ ಆವೃತ್ತಿ, 2023ರದ್ದು. 1ರಿಂದ 11ನೇ ಅಧ್ಯಾಯದವರೆಗೆ ಭಾಷೆ. ಆಮೇಲೆ ಮೂರು ದೊಡ್ಡ ಕೆಲಸಗಳು ಬರುತ್ತವೆ, ಒಂದಕ್ಕೊಂದು ಸಂಬಂಧವಿಲ್ಲ. ಆಟ ಮಾಡುವುದನ್ನೂ ಗ್ರಾಫ್ ಬಿಡಿಸುವುದನ್ನೂ ಸದ್ಯಕ್ಕೆ ಬಿಟ್ಟು ನೇರವಾಗಿ 18ನೇ ಅಧ್ಯಾಯಕ್ಕೆ ಹೋಗಿ. ಅಲ್ಲಿ ಜಾಂಗೊ ಅನ್ನುವ ಪೈಥಾನ್ ಫ್ರೇಮ್‌ವರ್ಕ್ ಬಳಸಿ ವೆಬ್ ಆ್ಯಪ್ ಕಟ್ಟುತ್ತಾರೆ. ಅವರದು ಕಲಿಕೆಯ ದಿನಚರಿ ಬರೆಯುವ ಆ್ಯಪ್. ಅದನ್ನು ಒಮ್ಮೆ ಅವರು ಹೇಳಿದಂತೆಯೇ ಮಾಡಿ. ಎರಡನೇ ಸಲ ಮಾಡುವಾಗ ‘ವಿಷಯ’ ಇದ್ದ ಕಡೆ ‘ಪುಸ್ತಕ’ ಅಂತಲೂ, ‘ಟಿಪ್ಪಣಿ’ ಇದ್ದ ಕಡೆ ‘ಎರವಲು’ ಅಂತಲೂ ಹಾಕಿಕೊಳ್ಳಿ. ನಿಮ್ಮ ಲೈಬ್ರರಿಯ ಅರ್ಧ ಕೆಲಸ ಅಲ್ಲಿಗೆ ಆಯಿತು. ಉಳಿದ ಅರ್ಧದಲ್ಲಿ ಒಂದು ಕಷ್ಟ ಎದುರಾಗುತ್ತದೆ. ಒಂದೇ ಪ್ರತಿಯನ್ನು ಇಬ್ಬರು ಮಕ್ಕಳ ಹೆಸರಿಗೆ ಬರೆದುಬಿಟ್ಟರೆ ಏನು ಮಾಡಬೇಕು? ಅಲ್ಲಿಗೆ ತಲುಪಿದಾಗ ನನಗೆ ಬರೆಯಿರಿ, ಅದಕ್ಕೇ ಒಂದು ಕಂತು ಇಡೋಣ.

ಮಕ್ಕಳ ಹೆಸರು, ತರಗತಿ ಇರುವ ಲೆಕ್ಕ ಇದು. ಶಾಲೆಯ ಕಂಪ್ಯೂಟರಿನಲ್ಲೇ ಓಡಿಸಿ, ನೆಟ್‌ಗೆ ಹಾಕುವ ಅವಸರ ಬೇಡ.

ಪ್ರಶ್ನೆ: ಅಕ್ಕಾ, ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಈಗ ಡಿಪ್ಲೊಮಾ ಎರಡನೇ ವರ್ಷ. ಪ್ರೋಗ್ರಾಮಿಂಗ್ ಪುಸ್ತಕ ತೆಗೆದರೆ ಇಂಗ್ಲಿಷ್ ನೋಡಿಯೇ ಭಯ ಆಗುತ್ತೆ. ಒಂದು ಪುಟಕ್ಕೆ ಅರ್ಧ ಗಂಟೆ ಬೇಕು. ತರಗತಿಯಲ್ಲಿ ಬೇರೆಯವರು ಸರಸರ ಓದುತ್ತಾರೆ. ನಾನು ಈ ದಾರಿ ಬಿಡಬೇಕಾ?
— ವಿದ್ಯಾರ್ಥಿನಿ, ಬೇಲೂರು

ಉತ್ತರ: ಬಿಡಬೇಡ ಪುಟ್ಟಾ. ನಾನೂ ಕನ್ನಡ ಮಾಧ್ಯಮದವಳೇ. ನನ್ನ ಮೊದಲ ಪುಸ್ತಕದ ಮೊದಲ ಅಧ್ಯಾಯಕ್ಕೆ ಮೂರು ವಾರ ಹಿಡಿಯಿತು. ಎರಡನೆಯದಕ್ಕೆ ಹತ್ತು ದಿನ. ಈ ಪುಸ್ತಕಗಳ ಇಂಗ್ಲಿಷ್ ಕಥೆ ಪುಸ್ತಕದ ಇಂಗ್ಲಿಷ್ ಹಾಗಲ್ಲ. ಅದದೇ ಪದಗಳು ತಿರುಗಿ ತಿರುಗಿ ಬರುತ್ತವೆ. ಒಮ್ಮೆ ಪರಿಚಯ ಆದರೆ ಕೊನೆಯವರೆಗೂ ಜೊತೆಗಿರುತ್ತವೆ.

ಒಂದು ನೂರು ಪುಟದ ನೋಟ್‌ಬುಕ್ ತಗೋ. ಹೊಸ ಪದ ಸಿಕ್ಕಾಗ ಡಿಕ್ಷನರಿ ಅರ್ಥ ಬರೆಯಬೇಡ. ಆ ಪದ ಮಾಡುವ ಕೆಲಸವನ್ನು ನಿಮ್ಮಮ್ಮನಿಗೆ ಹೇಳುವ ಹಾಗೆ ಕನ್ನಡದಲ್ಲಿ ಬರೆ. ನನ್ನ ನೋಟ್‌ಬುಕ್ ಇನ್ನೂ ಇದೆ. ‘ಟೈಮ್‌ಔಟ್’ ಮುಂದೆ ಹೀಗೆ ಬರೆದಿದ್ದೇನೆ: ‘ಬಸ್ಸಿಗೆ ಹತ್ತು ನಿಮಿಷ ಕಾಯ್ತೀನಿ, ಬರದಿದ್ದರೆ ಆಟೊ ಹತ್ತುತೀನಿ.’ ‘ಕ್ಯೂ’ ಮುಂದೆ: ‘ಮಿಲ್ಲಿನ ಮುಂದೆ ಇಟ್ಟ ಡಬ್ಬಗಳು. ಮೊದಲು ಇಟ್ಟವರದು ಮೊದಲು ಬೀಸೋದು.’ ‘ಕ್ಯಾಶ್’ (ದುಡ್ಡಲ್ಲ, ಪದೇಪದೇ ಬೇಕಾದ್ದನ್ನು ಹತ್ತಿರ ಇಟ್ಟುಕೊಳ್ಳುವುದು) ಮುಂದೆ: ‘ಉಪ್ಪಿನ ಡಬ್ಬ ಒಲೆ ಪಕ್ಕ, ಮೂಟೆ ಅಟ್ಟದ ಮೇಲೆ.’ ಸರ್ವರ್ ಅಂದರೆ ಏನು ಅಂತ ನಿನಗೆ ಯಾರೂ ಹೇಳಬೇಕಿಲ್ಲ. ಹೆಬ್ಬೆಟ್ಟು ಒತ್ತಿ ರೇಷನ್‌ಗೆ ಕಾಯುವವರಿಗೆಲ್ಲ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಅನ್ನುವ ಮಾತು ಚೆನ್ನಾಗಿಯೇ ಗೊತ್ತು.

ಪುಸ್ತಕ ಆರಿಸುವಾಗ ಅಂಗಡಿಯಲ್ಲೋ ಲೈಬ್ರರಿಯಲ್ಲೋ ನಿಂತು ಮಧ್ಯದ ಒಂದು ಪುಟ ತೆರೆ. ಒಂದೊಂದು ವಾಕ್ಯ ಎಷ್ಟು ಉದ್ದ ಇದೆ ನೋಡು. ಕೋಡ್ ತುಂಡುಗಳು ಅರ್ಧ ಪುಟಕ್ಕಿಂತ ಚಿಕ್ಕದಾಗಿದ್ದು, ಅವುಗಳ ಕೆಳಗೆ ಓಡಿಸಿದಾಗ ಬರುವ ಉತ್ತರವನ್ನೂ ಅಚ್ಚು ಹಾಕಿದ್ದರೆ ನಿನಗೆ ಆಗಿಬರುತ್ತದೆ. ಇಂಗ್ಲಿಷ್ ಅರ್ಥವಾಗದೆ ಇದ್ದರೂ ಕೋಡ್ ಮತ್ತು ಉತ್ತರ ಎರಡನ್ನೂ ನೋಡಿ ನಡುವೆ ಏನಾಯಿತು ಅಂತ ಊಹೆ ಮಾಡಬಹುದು. ಊಹೆ ಮಾಡಿ, ಆಮೇಲೆ ವಾಕ್ಯ ಓದು. ಈ ಕ್ರಮದಲ್ಲಿ ನನಗೆ ಎಷ್ಟೋ ಸುಲಭ ಆಯಿತು. ಮೇಷ್ಟ್ರಿಗೆ ಹೇಳಿದ ‘ಪೈಥಾನ್ ಕ್ರ್ಯಾಶ್ ಕೋರ್ಸ್’ ಹೀಗೆ ಓದಲು ಒಗ್ಗುತ್ತದೆ. ಸಕಲೇಶಪುರದ ಹುಡುಗನಿಗೆ ಹೇಳಿದ ಪುಸ್ತಕ ಈಗಲೇ ನಿನಗೆ ಬೇಡ.

ಬೇರೆಯವರು ಸರಸರ ಓದುತ್ತಾರೆ ಅಂದೆಯಲ್ಲ. ಓದಿದ ಮೇಲೆ ಪುಸ್ತಕ ಮುಚ್ಚಿ ಅದೇ ಕೋಡ್ ಬರೆಯಲು ಕೂತವರು ಎಷ್ಟು ಜನ ಅಂತ ನೋಡು. ನೀನು ಅರ್ಧ ಗಂಟೆ ಓದಿದ ಪುಟವನ್ನು ಮುಚ್ಚಿ ಬರೆದು ನೋಡು, ಬಂದೇ ಬರುತ್ತದೆ. ಮೊದಲ ಅಧ್ಯಾಯ ಮುಗಿದ ದಿನ ನಿನ್ನ ನೋಟ್‌ಬುಕ್‌ನ ಒಂದು ಪುಟದ ಫೋಟೋ ಕಳಿಸು. ‘ಲೂಪ್’ ಮುಂದೆ ಏನು ಬರೆದಿದ್ದೀಯ ಅಂತ ನೋಡಬೇಕು ನನಗೆ.